ಊರಿಗೊಂದು ಈಜುಕೊಳ: ಜಾಗದ ಆಯ್ಕೆ ಆರೋಗ್ಯದ ಪ್ರಶ್ನೆಯೂ ಹೌದು

ನೀವು ವಾಸಿಸುವ ಪಟ್ಟಣಕ್ಕೆ ಸಾರ್ವಜನಿಕ ಈಜುಕೊಳವೊಂದು ಬರಲಿದೆ ಎಂದುಕೊಳ್ಳಿ. ನಗರಸಭೆಯ ಮುಂದೆ ಮೂರು ಜಾಗಗಳಿವೆ. ಒಂದು, ಊರ ಹೊರಗೆ ಬೈಪಾಸ್ ಪಕ್ಕದ ಐದು ಎಕರೆ. ಎರಡು, ಬಸ್ ನಿಲ್ದಾಣಕ್ಕೆ ಹತ್ತಿರವಿರುವ ಹಳೆಯ ಉದ್ಯಾನದ ಒಂದು ಮೂಲೆ. ಮೂರು, ಸರ್ಕಾರಿ ಶಾಲೆಯ ಆವರಣದಲ್ಲಿ ಖಾಲಿ ಬಿದ್ದಿರುವ ತುಂಡು ನೆಲ. ನಿಮ್ಮನ್ನು ಕೇಳಿದರೆ ಯಾವುದನ್ನು ಆರಿಸುತ್ತೀರಿ?

ಸಾಮಾನ್ಯವಾಗಿ ಇಂಥ ಚರ್ಚೆ ವೆಚ್ಚ, ಗುತ್ತಿಗೆ, ಪಾರ್ಕಿಂಗ್ ಮತ್ತು 'ಯಾರ ವಾರ್ಡ್‌ಗೆ ಬರಬೇಕು' ಎಂಬುದರ ಸುತ್ತಲೇ ಮುಗಿಯುತ್ತದೆ. ಆದರೆ ಕೊಳ ಎಲ್ಲಿ ಬರುತ್ತದೆ ಎಂಬುದರ ಮೇಲೆಯೇ ಅದರಲ್ಲಿ ಯಾರು ಈಜು ಕಲಿಯುತ್ತಾರೆ, ಯಾರು ಕಲಿಯುವುದಿಲ್ಲ ಎಂಬುದೂ ನಿಂತಿದೆ. ಆದ್ದರಿಂದ ಇದು ಆರೋಗ್ಯದ ವಿಷಯವೂ ಹೌದು. ನಗರಸಭೆಯೊಂದು ಏನೇನು ತೂಗಿ ನೋಡಬೇಕು, ನಾಗರಿಕರಾಗಿ ನೀವು ಏನು ಕೇಳಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಈಜುಕೊಳಕ್ಕೂ ಸಾರ್ವಜನಿಕ ಆರೋಗ್ಯಕ್ಕೂ ಏನು ಸಂಬಂಧ?

ಮೊದಲನೆಯದು ಜೀವದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಭಾರತದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲೇ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಇಂಥ ಸಾವುಗಳು ದಾಖಲಾಗುತ್ತಿವೆ. ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಮುಳುಗಡೆ ಸಾವುಗಳ ತಡೆಗೆಂದೇ ಒಂದು ಕಾರ್ಯಚೌಕಟ್ಟನ್ನು ಹೊರತಂದಿತು.

ಊರು ಬಿಟ್ಟು ಮುಂಬೈ, ಪುಣೆ, ಹೈದರಾಬಾದ್ ಸೇರಿದ ಕನ್ನಡ ಕುಟುಂಬಗಳಿಗೆ ಇದರಲ್ಲೊಂದು ವಿಶೇಷ ಆತಂಕವಿದೆ. ನಮ್ಮ ತಂದೆ ತಾಯಂದಿರ ತಲೆಮಾರಿನ ಅನೇಕರು ತೋಟದ ಬಾವಿಯಲ್ಲಿ, ಕಾಲುವೆಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು. ಫ್ಲ್ಯಾಟಿನಲ್ಲಿ ಬೆಳೆದ ಮಕ್ಕಳಿಗೆ ಆ ಅವಕಾಶ ಇಲ್ಲ. ಆದರೆ ಬೇಸಿಗೆ ರಜೆಗೆ ಅಜ್ಜನ ಊರಿಗೆ ಹೋದಾಗ ಅದೇ ಬಾವಿ, ಅದೇ ಕೆರೆ, ಜೊತೆಗೆ ಈಗ ಜಾರುವ ಪ್ಲಾಸ್ಟಿಕ್ ಹಾಸಿನ ಕೃಷಿ ಹೊಂಡ ಅವರ ಮುಂದಿರುತ್ತದೆ. ಊರಿನ ಮಕ್ಕಳು ಜಿಗಿದಾಗ ಇವರೂ ಜಿಗಿಯುತ್ತಾರೆ. ನಗರದಲ್ಲಿ ಒಂದು ಕಲಿಕೆಯ ಕೊಳ ಕೈಗೆಟುಕುವಂತಿದ್ದರೆ ಅದರ ಫಲ ಮುನ್ನೂರು ಮೈಲಿ ಆಚೆಯ ಹಳ್ಳಿಯಲ್ಲಿ ಕಾಣಿಸಬಹುದು.

ಕಲಿಕೆಯಿಂದ ನಿಜಕ್ಕೂ ಪ್ರಯೋಜನ ಇದೆಯೇ? ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕ್ರಮಬದ್ಧ ಈಜು ತರಬೇತಿ ಪಡೆದ 1ರಿಂದ 4 ವರ್ಷದ ಮಕ್ಕಳಲ್ಲಿ ಮುಳುಗಿ ಸಾಯುವ ಅಪಾಯ ಶೇ 88ರಷ್ಟು ಕಡಿಮೆ ಎಂದು ಅಂದಾಜಿಸಿತು. ಬಾಂಗ್ಲಾದೇಶದಲ್ಲಿ 'ಸ್ವಿಮ್‌ಸೇಫ್' ಎಂಬ ಕಾರ್ಯಕ್ರಮದಡಿ ಹಳ್ಳಿಯ ಕೊಳಗಳಲ್ಲೇ ಬಿದಿರಿನ ಅಟ್ಟಣಿಗೆ ಕಟ್ಟಿ ಮಕ್ಕಳಿಗೆ ಈಜು ಕಲಿಸಲಾಯಿತು. ಅಲ್ಲಿಯೂ ಸಾವುಗಳು ಬಹಳ ಕಡಿಮೆಯಾದವು. ಆದರೆ ಈಜು ಬಂದ ಮಾತ್ರಕ್ಕೆ ಮಗು ಪೂರ್ಣ ಸುರಕ್ಷಿತ ಎಂದು ಭಾವಿಸಬೇಡಿ. ಹಿರಿಯರ ಕಣ್ಗಾವಲಿಗೆ ಪರ್ಯಾಯ ಇಲ್ಲ.

ಎರಡನೆಯದು ವ್ಯಾಯಾಮ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ತೀವ್ರತೆಯ ದೈಹಿಕ ಚಟುವಟಿಕೆ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೊಣಕಾಲು ನೋವಿನಿಂದ ನಡೆಯಲಾಗದವರಿಗೆ, ತೂಕ ಹೆಚ್ಚಿರುವವರಿಗೆ ಇದನ್ನು ಪೂರೈಸುವುದು ಕಷ್ಟ. ಎದೆಮಟ್ಟದ ನೀರಿನಲ್ಲಿ ದೇಹದ ಬಹುಪಾಲು ಭಾರವನ್ನು ನೀರೇ ಹೊರುತ್ತದೆ. ಹಾಗಾಗಿ ಈಜು ಬಾರದಿದ್ದರೂ ನೀರಿನಲ್ಲಿ ನಡೆಯುವುದೇ ಅವರಿಗೆ ಒಳ್ಳೆಯ ವ್ಯಾಯಾಮ.

ಮುಂಬೈಯಲ್ಲಿ ಜಾಗ ಸಿಕ್ಕಿದ್ದು ಎಲ್ಲಿ?

ನೆಲಕ್ಕೆ ಚಿನ್ನದ ಬೆಲೆ ಇರುವ ಮುಂಬೈಯನ್ನು ಉದಾಹರಣೆಯಾಗಿ ನೋಡಿ. ದಾದರ್, ಚೆಂಬೂರು, ಕಾಂದಿವಲಿ ಮುಂತಾದ ಕಡೆ ಪಾಲಿಕೆಯ ಈಜುಕೊಳಗಳು ಬಹಳ ಕಾಲದಿಂದ ಇವೆ. ಇತ್ತೀಚಿನ ವರ್ಷಗಳಲ್ಲಿ ಹೊಸ ಕೊಳಗಳಿಗೆ ಜಾಗ ಹುಡುಕಿದಾಗ ಪಾಲಿಕೆ ಆರಿಸಿಕೊಂಡದ್ದು ಹೆಚ್ಚಾಗಿ ತನ್ನ ಕೈಯಲ್ಲೇ ಇದ್ದ ನೆಲವನ್ನು. ದಹಿಸರ್, ಮಲಾಡ್ ಕಡೆ ಉದ್ಯಾನ, ವರ್ಲಿಯಲ್ಲಿ ಗುಡ್ಡದ ಮೇಲಿನ ಜಲಾಶಯದ ಆವರಣ, ವಿಕ್ರೋಲಿಯಲ್ಲಿ ಟಾಗೋರ್ ನಗರದ ವಸತಿ ಪ್ರದೇಶ, ಅಂಧೇರಿ ಪೂರ್ವದಲ್ಲಿ ಕೊಂಡಿವಿಟಾ.

ಇದಕ್ಕೆ ಕಾರಣವಿದೆ. ಹೊಸ ಭೂಮಿ ಸ್ವಾಧೀನಕ್ಕೆ ವರ್ಷಗಳೇ ಹಿಡಿಯುತ್ತವೆ. ತನ್ನದೇ ನೆಲವಾದರೆ ಕೆಲಸ ಬೇಗ ಆಗುತ್ತದೆ. ಒಂದೇ ಬೃಹತ್ ಕ್ರೀಡಾ ಸಂಕೀರ್ಣದ ಬದಲು ಬೇರೆ ಬೇರೆ ಬಡಾವಣೆಗಳಲ್ಲಿ ಸಣ್ಣ ಕೊಳಗಳನ್ನು ಮಾಡಲು ಇದರಿಂದ ದಾರಿಯಾಗುತ್ತದೆ. ಆದರೆ ಸುಲಭವಾಗಿ ಸಿಗುವ ನೆಲವೆಲ್ಲ ಯೋಗ್ಯವಾದ ನೆಲವಲ್ಲ. ಅದನ್ನು ತಿಳಿಯಲು ಐದು ಪ್ರಶ್ನೆಗಳನ್ನು ಕೇಳಬೇಕು.

ಪ್ರಶ್ನೆ 1: ಯಾರು ನಡೆದು ಬರಬಲ್ಲರು?

ಕೊಳದ ಸುತ್ತ 1 ಕಿಲೋಮೀಟರ್ ದೂರ ಎಂದರೆ ಸುಮಾರು 15 ನಿಮಿಷದ ನಡಿಗೆ. ಆ ವೃತ್ತದೊಳಗೆ ಎಷ್ಟು ಮನೆ, ಎಷ್ಟು ಶಾಲೆ, ಯಾವ ಬಸ್ ಮಾರ್ಗ, ಯಾವ ರೈಲು ನಿಲ್ದಾಣ ಬರುತ್ತವೆ ಎಂದು ನಕ್ಷೆಯಲ್ಲಿ ಎಣಿಸಿ.

ಬೈಪಾಸ್ ಪಕ್ಕದ ಜಾಗಕ್ಕೆ ಹೋಗಲು 45 ನಿಮಿಷ, ಬರಲು 45 ನಿಮಿಷ ಬೇಕೆಂದರೆ, ಮುಕ್ಕಾಲು ಗಂಟೆಯ ಈಜಿಗೆ ಒಂದೂವರೆ ಗಂಟೆ ಪ್ರಯಾಣ. ವಾರಕ್ಕೆ ಮೂರು ದಿನ ಹೀಗೆ ಹೋಗಬಲ್ಲವರು ಯಾರು? ಸ್ವಂತ ಕಾರು ಇರುವವರು, ಕರೆದೊಯ್ಯಲು ಮನೆಯಲ್ಲಿ ಬಿಡುವಿನ ಹಿರಿಯರು ಇರುವವರು. ಮನೆಗೆಲಸಕ್ಕೆ ಹೋಗುವ ತಾಯಿಯ ಮಗು, ಹೋಟೆಲಿನಲ್ಲಿ ದುಡಿಯುವ ತಂದೆಯ ಮಗು ಅಲ್ಲಿಗೆ ತಲುಪುವುದಿಲ್ಲ. ಸೊಂಟ ಹಿಡಿದುಕೊಂಡು ಬಸ್ ಹತ್ತುವ 65ರ ಅಜ್ಜಿಯೂ ತಲುಪುವುದಿಲ್ಲ. ಆದರೆ ಕೊಳದ ಅಗತ್ಯ ಹೆಚ್ಚಿರುವುದು ಇವರಿಗೇ.

ದೂರದ ಜೊತೆಗೆ ದಾರಿಯನ್ನೂ ನೋಡಿ. ಹೆದ್ದಾರಿ ದಾಟಬೇಕೇ? ಪಾದಚಾರಿ ಮಾರ್ಗ ಇದೆಯೇ? ಸಂಜೆ ಏಳರ ಬ್ಯಾಚ್ ಮುಗಿಸಿ ಒದ್ದೆ ಕೂದಲಲ್ಲಿ ಹೊರಡುವ ಹುಡುಗಿಗೆ ಬೀದಿದೀಪ ಇರುವ, ಜನಸಂಚಾರ ಇರುವ ರಸ್ತೆ ಸಿಗುತ್ತದೆಯೇ?

ಪ್ರಶ್ನೆ 2: ಬಾಗಿಲು ಯಾರಿಗೆ ತೆರೆದಿದೆ?

ಹತ್ತಿರ ಇದ್ದರೆ ಸಾಲದು, ಒಳಗೆ ಹೋಗಲೂ ಸಾಧ್ಯವಾಗಬೇಕು. ಮಹಾರಾಷ್ಟ್ರದಲ್ಲಿ ಇದಕ್ಕೊಂದು ಚರಿತ್ರೆಯೇ ಇದೆ. ಬಾಂಬೆ ಶಾಸನ ಪರಿಷತ್ತು 1923ರಲ್ಲಿ ಸಾರ್ವಜನಿಕ ನೀರಿನ ತಾಣಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕು ಎಂದು ನಿರ್ಣಯಿಸಿತು. ಮಹಾಡ್ ಪುರಸಭೆ 1924ರಲ್ಲಿ ತನ್ನ ಚವದಾರ್ ಕೆರೆಗೆ ಅದನ್ನು ಅನ್ವಯಿಸಿತು. ಆದರೂ ನಿರ್ಣಯ ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಡಾ. ಬಿ.ಆರ್. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ಕೆರೆಯ ನೀರು ಕುಡಿಯಬೇಕಾಯಿತು.

ಇಂದು ಅಂಥ ನಿಷೇಧ ಅಪರಾಧ. ಆದರೆ ಶುಲ್ಕ, ಸಮಯ, ಅರ್ಜಿ ನಮೂನೆ, ಉಡುಪಿನ ನಿಯಮಗಳು ಮೌನವಾಗಿ ಜನರನ್ನು ಹೊರಗಿಡಬಲ್ಲವು. ಇಡೀ ವರ್ಷದ ಶುಲ್ಕವನ್ನು ಒಂದೇ ಬಾರಿಗೆ ಕಟ್ಟಬೇಕೆಂದರೆ ದಿನಗೂಲಿಯವರು ಬರಲಾರರು. ಮಹಿಳೆಯರ ಬ್ಯಾಚ್ ಮಧ್ಯಾಹ್ನ ಎರಡಕ್ಕೆ ಮಾತ್ರ ಎಂದರೆ ಉದ್ಯೋಗಸ್ಥ ಮಹಿಳೆಯರು ಬರಲಾರರು.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಪ್ರಕಾರ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕು. ಇದೂ ಜಾಗದ ಆಯ್ಕೆಗೆ ಸಂಬಂಧಿಸಿದ್ದು. ಕಡಿದಾದ ಗುಡ್ಡದ ಮೇಲಿನ ನಿವೇಶನಕ್ಕೆ ಗಾಲಿಕುರ್ಚಿ ಹೋಗುವ ಇಳಿಜಾರು ಮಾಡುವುದು ಕಷ್ಟ. ಸಮತಟ್ಟಾದ ನೆಲದಲ್ಲಿ ಸುಲಭ.

ಪ್ರಶ್ನೆ 3: ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?

ಕೊಳದ ಗಾತ್ರದಿಂದ ಲೆಕ್ಕ ಹಾಕೋಣ. 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಒಲಿಂಪಿಕ್ ಗಾತ್ರದ ಕೊಳಕ್ಕೆ 25 ಲಕ್ಷ ಲೀಟರ್ ನೀರು ಬೇಕು. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳಕ್ಕೆ ಸಾಕಾಗುವುದು 3.75 ಲಕ್ಷ ಲೀಟರ್. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಲ್ಲಿ ನೋಡಿದರೆ ಮೊದಲನೆಯದು ಸುಮಾರು 18,500 ಜನರ ಒಂದು ದಿನದ ನೀರು; ಎರಡನೆಯದು ಸುಮಾರು 2,800 ಜನರದ್ದು.

ಸರಿಯಾದ ಶೋಧಕ ಇದ್ದರೆ ಈ ನೀರನ್ನು ದಿನವೂ ಬದಲಿಸಬೇಕಿಲ್ಲ. ಅದನ್ನೇ ಶುದ್ಧೀಕರಿಸಿ ಮರುಬಳಸಲಾಗುತ್ತದೆ. ಆದರೆ ಬಿಸಿಲಿಗೆ ದಿನಕ್ಕೆ 6 ಮಿಲಿಮೀಟರ್ ಆವಿಯಾದರೆ ಸಣ್ಣ ಕೊಳಕ್ಕೆ ಸುಮಾರು 1,900 ಲೀಟರ್, ದೊಡ್ಡದಕ್ಕೆ 7,500 ಲೀಟರ್ ದಿನವೂ ತುಂಬಬೇಕು. ಶೋಧಕ ತೊಳೆಯಲು ಬೇಕಾದ ನೀರು ಬೇರೆ.

ಬರಗಾಲದಲ್ಲಿ ಏನಾಗುತ್ತದೆ? 2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರು ಕೊಡುವ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಜಲಾಶಯಗಳು ಬಹುತೇಕ ಬತ್ತಿದವು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತು. ಅದೇ ವರ್ಷ ಜೂನ್‌ನಲ್ಲಿ ಮುಂಬೈಯಲ್ಲಿ ಶೇ 10ರಷ್ಟು ನೀರು ಕಡಿತವಾಯಿತು. ಪಕ್ಕದ ಬೀದಿಗೆ ಟ್ಯಾಂಕರ್ ಬರುವಾಗ ಕೊಳ ತುಂಬಿಸುವುದನ್ನು ಯಾರೂ ಒಪ್ಪುವುದಿಲ್ಲ. ಹೀಗಾಗಿ ಜಾಗ ನಿರ್ಧರಿಸುವ ಮೊದಲೇ ಕೇಳಿ: ಇಲ್ಲಿ ಮಳೆನೀರು ಸಂಗ್ರಹಕ್ಕೆ ಛಾವಣಿ ಇದೆಯೇ? ಕೊಳವೆಬಾವಿಯ ನೀರಿನ ಪರೀಕ್ಷೆ ಆಗಿದೆಯೇ? ಬೇಸಿಗೆಯಲ್ಲಿ ಎಷ್ಟು ದಿನ ಕೊಳ ಮುಚ್ಚಬೇಕಾದೀತು?

ಹೊರಹೋಗುವ ನೀರೂ ಮುಖ್ಯ. ಕ್ಲೋರಿನ್ ಇರುವ ನೀರನ್ನು ನೇರ ಕೆರೆಗೆ ಬಿಟ್ಟರೆ ಮೀನು ಸಾಯುತ್ತವೆ. ಹತ್ತಿರ ಒಳಚರಂಡಿ ಜಾಲ ಇಲ್ಲದ ಊರ ಹೊರಗಿನ ಜಾಗಗಳಲ್ಲಿ ಈ ತೊಂದರೆ ಹೆಚ್ಚು.

ಪ್ರಶ್ನೆ 4: ಸುತ್ತಮುತ್ತ ಏನಿದೆ?

* ತಗ್ಗು ಪ್ರದೇಶ: ಮಳೆಗಾಲದಲ್ಲಿ ಚರಂಡಿ ಉಕ್ಕಿ ಕೊಳಕ್ಕೆ ನುಗ್ಗುವ ಜಾಗ ಬೇಡ. ಕೆರೆಯಂಗಳದ ನೆಲವನ್ನು 'ಖಾಲಿ ಜಾಗ' ಎಂದು ತೋರಿಸಿದರೆ ಎಚ್ಚರ. ಅಲ್ಲಿ ಅಂತರ್ಜಲದ ಮಟ್ಟವೂ ಮೇಲಿರುತ್ತದೆ. ದುರಸ್ತಿಗೆಂದು ಕೊಳ ಖಾಲಿ ಮಾಡಿದಾಗ ಕೆಳಗಿನ ನೀರಿನ ಒತ್ತಡ ತೊಟ್ಟಿಯನ್ನೇ ಮೇಲಕ್ಕೆತ್ತಿ ಬಿರುಕು ಬಿಡಿಸಬಹುದು.
* ಧೂಳು ಮತ್ತು ಹೊಗೆ: ಈಜುವಾಗ ಉಸಿರಾಟ ಆಳವಾಗುತ್ತದೆ. ಹೆದ್ದಾರಿಯ ಅಂಚು, ಕಲ್ಲುಪುಡಿ ಘಟಕದ ಪಕ್ಕ ಸೂಕ್ತವಲ್ಲ. ಆಸ್ತಮಾ ಇರುವ ಮಕ್ಕಳಿಗೆ ಇದು ಇನ್ನೂ ಮುಖ್ಯ.
* ಮರಗಳು: ನೆರಳು ಬೇಕು, ಆದರೆ ಕೊಳದ ನೇರ ಮೇಲೆ ಬೇಡ. ಉದುರಿದ ಎಲೆ, ಹಕ್ಕಿಗಳ ಹಿಕ್ಕೆ ಕ್ಲೋರಿನ್ನನ್ನು ತಿಂದುಹಾಕುತ್ತವೆ. ಬಿಸಿಲೂ ಕ್ಲೋರಿನ್ನನ್ನು ಬೇಗ ಕರಗಿಸುತ್ತದೆ. ಹಾಗಾಗಿ ಮೇಲೊಂದು ಚಾವಣಿ ಇದ್ದರೆ ನೀರಿಗೂ ಒಳ್ಳೆಯದು, ಚರ್ಮಕ್ಕೂ ಒಳ್ಳೆಯದು.
* ರಾಸಾಯನಿಕಗಳ ಕೋಣೆ: ನೀರಿನ ಶುದ್ಧೀಕರಣಕ್ಕೆ ಬಳಸುವ ಹೈಪೊಕ್ಲೋರೈಟ್ ಮತ್ತು ಆಮ್ಲ ತಪ್ಪಿ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಈ ಕೋಣೆ ತರಗತಿಗಳಿಂದ, ಮನೆಗಳಿಂದ ದೂರ ಇರಲು ಜಾಗ ಸಾಕಷ್ಟಿದೆಯೇ ನೋಡಿ.
* ಆಸ್ಪತ್ರೆಯ ದೂರ: ಮುಳುಗಿದವರ ಮಿದುಳಿಗೆ ಆಮ್ಲಜನಕ ನಿಂತ ಕೆಲವೇ ನಿಮಿಷಗಳಲ್ಲಿ ಹಾನಿ ಶುರುವಾಗುತ್ತದೆ. ಸ್ಥಳದಲ್ಲೇ ಕೃತಕ ಉಸಿರಾಟ ಕೊಡಬಲ್ಲ ಜೀವರಕ್ಷಕರು ಬೇಕೇ ಬೇಕು. ಆಂಬುಲೆನ್ಸ್ ನೇರ ಕೊಳದ ಬಾಗಿಲಿಗೆ ಬರುವ ರಸ್ತೆಯೂ ಬೇಕು.

ನೆರೆಹೊರೆ ಎಂದರೆ ಅನಿರೀಕ್ಷಿತವೂ ಇರಬಹುದು. 2023ರ ಅಕ್ಟೋಬರ್‌ನಲ್ಲಿ ದಾದರಿನ ಮಹಾತ್ಮ ಗಾಂಧಿ ಸ್ಮಾರಕ ಈಜುಕೊಳದಲ್ಲಿ ಬೆಳಗಿನ ಹೊತ್ತು ಮೊಸಳೆ ಮರಿಯೊಂದು ಸಿಕ್ಕಿತ್ತು! ಕೊಳ ಎಲ್ಲೇ ಇರಲಿ, ಜನರನ್ನು ಒಳಬಿಡುವ ಮೊದಲು ದಿನವೂ ಸುತ್ತ ನೋಡುವುದು ಯಾಕೆ ಬೇಕು ಎಂಬುದಕ್ಕೆ ಇದು ಸಾಕು.

ಪ್ರಶ್ನೆ 5: ಕೊಳ ಕಟ್ಟಲು ಏನನ್ನು ಕಳೆದುಕೊಳ್ಳುತ್ತೇವೆ?

ಉದ್ಯಾನದ ಮೂಲೆ 'ಖಾಲಿ' ಎಂದು ಅನ್ನಿಸಬಹುದು. ಆದರೆ ಬೆಳಿಗ್ಗೆ ಅಲ್ಲಿ ಹಿರಿಯರು ನಡೆಯುತ್ತಾರೆ, ಸಂಜೆ ಮಕ್ಕಳು ಕ್ರಿಕೆಟ್ ಆಡುತ್ತಾರೆ, ಮಳೆನೀರು ಅಲ್ಲಿ ಇಂಗುತ್ತದೆ. ಅವೆಲ್ಲ ಉಚಿತ. ಅದನ್ನು ತೆಗೆದು ಶುಲ್ಕವಿರುವ ಕೊಳ ಕಟ್ಟಿದರೆ ಕೆಲವರಿಗೆ ಲಾಭ, ಕೆಲವರಿಗೆ ನಷ್ಟ. ಇದೂ ಆರೋಗ್ಯದ ಲೆಕ್ಕವೇ.

ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಿದ್ದನ್ನು 1991ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪ್ರಶ್ನಿಸಿದ್ದು ಬಡಾವಣೆಯ ನಿವಾಸಿಗಳೇ. ಆಸ್ಪತ್ರೆಯೂ ಆರೋಗ್ಯದ ಉದ್ದೇಶದ್ದೇ ಅಲ್ಲವೇ ಎಂಬ ವಾದ ನಿಲ್ಲಲಿಲ್ಲ. ಉದ್ಯಾನ ತನ್ನಷ್ಟಕ್ಕೇ ಜನರ ಆರೋಗ್ಯಕ್ಕೆ ಬೇಕಾದದ್ದು. ನಗರಸಭೆ ಕೊಳಕ್ಕೆ ಉದ್ಯಾನದ ನೆಲ ಬಳಸುವುದಾದರೆ ಎಷ್ಟು ಮರ ಕಡಿಯುತ್ತಾರೆ, ಉಳಿದ ಬಯಲು ಎಷ್ಟು, ಬದಲಿಗೆ ಎಲ್ಲಿ ಬಯಲು ಕೊಡುತ್ತಾರೆ ಎಂದು ಲಿಖಿತವಾಗಿ ಕೇಳಿ.

ಒಲಿಂಪಿಕ್ ಗಾತ್ರದ ಕೊಳವೇ ಬೇಕೇ?

ಉದ್ಘಾಟನೆಯ ಫೋಟೋಗೆ ದೊಡ್ಡ ಕೊಳ ಚೆಂದ. ಸ್ಪರ್ಧೆಗಳಿಗೆ ಅದು ಬೇಕು ಕೂಡ. ಚೆನ್ನೈಯ ವೇಲಚೇರಿಯ ಈಜು ಸಂಕೀರ್ಣ ಕಟ್ಟಿದ್ದು 1995ರ ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕೆ. ದೆಹಲಿಯ ಶ್ಯಾಮಾಪ್ರಸಾದ್ ಮುಖರ್ಜಿ ಈಜುಕೊಳ ಸಂಕೀರ್ಣ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಸಜ್ಜಾಯಿತು. ಒಂದು ಮಹಾನಗರಕ್ಕೆ ಇಂಥವು ಒಂದೆರಡು ಸಾಕು.

ಕಲಿಕೆಗೆ ಬೇಕಾದದ್ದು ಬೇರೆ. ಕಲಿಯುವವರು ಕಾಲೂರಿ ನಿಲ್ಲಬಲ್ಲ 0.9 ಮೀಟರ್‌ನಿಂದ 1.2 ಮೀಟರ್ ಆಳ, ಇಳಿಯಲು ಮೆಟ್ಟಿಲು, ಹಿಡಿಯಲು ಕಂಬಿ, ತಳ ಕಾಣುವಷ್ಟು ತಿಳಿ ನೀರು. ಹಿರಿಯರ ನೀರಿನ ನಡಿಗೆಗೂ ಇದೇ ಆಳ ಸರಿ. ಎರಡು ಮೀಟರ್ ಆಳದ ಕೊಳದಲ್ಲಿ ಈಜು ಬಾರದವರಿಗೆ ಜಾಗವೇ ಇರುವುದಿಲ್ಲ. ಸಣ್ಣ ಕೊಳಕ್ಕೆ ನೆಲ, ನೀರು, ವಿದ್ಯುತ್, ಸಿಬ್ಬಂದಿ ಎಲ್ಲವೂ ಕಡಿಮೆ ಸಾಕು. ಹಾಗಾಗಿ ಜನರ ನಡುವೆಯೇ ಅದಕ್ಕೆ ಜಾಗ ಸಿಗುತ್ತದೆ.

ಮುಚ್ಚಿದ ಕೊಳದ ಅಪಾಯ

ನಿರ್ವಹಣೆಗೆ ಹಣ ಇಲ್ಲದ ಜಾಗದಲ್ಲಿ ಕೊಳ ಕಟ್ಟುವುದಕ್ಕಿಂತ ಕಟ್ಟದಿರುವುದೇ ಮೇಲು. ಪಂಪ್ ನಿಂತು ಹಸಿರುಗಟ್ಟಿದ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಸುಮಾರು 7ರಿಂದ 10 ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಬೇಲಿ ಮುರಿದ, ಕಾವಲಿಲ್ಲದ ಕೊಳ ಮಕ್ಕಳ ಪಾಲಿಗೆ ಇನ್ನೊಂದು ಕೃಷಿ ಹೊಂಡವೇ. ಚಳಿಗಾಲದಲ್ಲಿ ತೆರೆದ ಕೊಳಗಳು ಮುಚ್ಚುವ ದೆಹಲಿಯಂಥ ಊರಿನಲ್ಲಿ ಆ ತಿಂಗಳುಗಳ ನಿರ್ವಹಣೆ ಯಾರದ್ದು ಎಂಬುದನ್ನೂ ಮೊದಲೇ ಬರೆದಿಡಬೇಕು.

ಕೇರಳದಲ್ಲಿ 2024 ಮತ್ತು 2025ರಲ್ಲಿ ಹಲವರನ್ನು ಕಾಡಿದ ಅಮೀಬಾ ಸೋಂಕಿನ ಮಿದುಳು ಜ್ವರದ ಸುದ್ದಿ ನೀವು ಓದಿರಬಹುದು. ನೇಗ್ಲೇರಿಯಾ ಫೌಲೇರಿ ಎಂಬ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ. ಮೂಗಿನ ಮೂಲಕ ನುಗ್ಗಿದಾಗ ಮಿದುಳಿಗೆ ಹೋಗುತ್ತದೆ. ಕಾಯಿಲೆ ಅಪರೂಪ, ಆದರೆ ಬಹುಪಾಲು ಮಾರಕ. ಕ್ಲೋರಿನ್ ಸರಿಯಾಗಿರುವ ಕೊಳದಲ್ಲಿ ಇದರ ಭಯ ಇಲ್ಲವೆನ್ನುವಷ್ಟು ಕಡಿಮೆ. ನಿರ್ವಹಣೆ ಇಲ್ಲದ ಕೊಳದ ಬಗ್ಗೆ ಹಾಗೆ ಹೇಳಲಾಗದು.

ನಿಮ್ಮ ಮಾತನ್ನು ಎಲ್ಲಿ ಹೇಳಬೇಕು?

ಸಂವಿಧಾನದ 74ನೇ ತಿದ್ದುಪಡಿಯಲ್ಲಿ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ಉದ್ಯಾನ, ಆಟದ ಮೈದಾನಗಳು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳಾಗಿವೆ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕು. ಹೀಗೆ ಮಾಡಿ:

* ಜಾಗದ ಸರ್ವೇ ನಂಬರ್ ಮತ್ತು ಅಭಿವೃದ್ಧಿ ಯೋಜನೆಯಲ್ಲಿ ಅದು ಯಾವುದಕ್ಕೆ ಮೀಸಲು ಎಂಬುದನ್ನು ಮೊದಲು ತಿಳಿದುಕೊಳ್ಳಿ.
* ಮೀಸಲಾತಿ ಬದಲಿಸಲು ಸಾರ್ವಜನಿಕ ಪ್ರಕಟಣೆ ಹೊರಡಿಸಬೇಕಾಗುತ್ತದೆ. ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯಡಿ ಆಕ್ಷೇಪ, ಸಲಹೆಗಳಿಗೆ ಒಂದು ತಿಂಗಳವರೆಗೆ ಕಾಲಾವಕಾಶ ಇರುತ್ತದೆ. ಅದನ್ನು ತಪ್ಪಿಸಿಕೊಳ್ಳಬೇಡಿ.
* ನೀರಿನ ಮೂಲ, ನಿರ್ವಹಣಾ ವೆಚ್ಚ, ಜೀವರಕ್ಷಕರ ಸಂಖ್ಯೆಯ ವಿವರ ಮಾಹಿತಿ ಹಕ್ಕಿನಡಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು.
* ಒಬ್ಬರೇ ಹೋಗುವ ಬದಲು ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರು, ಹಿರಿಯ ನಾಗರಿಕರ ಗುಂಪು, ನಿಮ್ಮ ಕನ್ನಡ ಸಂಘದವರು ಸೇರಿ ಒಂದು ಪುಟದ ಮನವಿ ಕೊಡಿ. ಸ್ಥಳೀಯ ಭಾಷೆಯಲ್ಲಿ ಬರೆದರೆ ಒಳ್ಳೆಯದು.

ಕೊಳ ತೆರೆದ ಮೇಲೆ ಏನು ನೋಡಬೇಕು?

ಈಜುಕೊಳದ ನೀರಿನ ಗುಣಮಟ್ಟಕ್ಕೆ ಭಾರತೀಯ ಮಾನಕ ಐಎಸ್ 3328 ಇದೆ. ಸಾಮಾನ್ಯ ಬಳಕೆದಾರರು ಫಲಕದಲ್ಲಿ ಎರಡು ಅಂಕಿಗಳನ್ನು ಹುಡುಕಿದರೆ ಸಾಕು: ಉಳಿಕೆ ಕ್ಲೋರಿನ್ ಕನಿಷ್ಠ 1 ಪಿಪಿಎಂ ಇರಬೇಕು, ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಕಣ್ಣುರಿ, ಗಾಢ ವಾಸನೆ ಇದ್ದರೆ 'ಕ್ಲೋರಿನ್ ಜಾಸ್ತಿ' ಎನ್ನುತ್ತೇವೆ. ನಿಜವಾಗಿ ಅದು ಬೆವರು, ಮೂತ್ರದೊಂದಿಗೆ ಕ್ಲೋರಿನ್ ಬೆರೆತು ಹುಟ್ಟುವ ಕ್ಲೋರಮೀನ್‌ಗಳ ವಾಸನೆ. ಇಳಿಯುವ ಮೊದಲು ಸ್ನಾನ ಮಾಡಿ ಎನ್ನುವುದು ಇದಕ್ಕೇ.

ಕ್ಲೋರಿನ್ ಎಲ್ಲ ರೋಗಾಣುಗಳನ್ನೂ ಕೂಡಲೇ ಕೊಲ್ಲುವುದಿಲ್ಲ. ಇ. ಕೋಲಿ ಬ್ಯಾಕ್ಟೀರಿಯಾ ಒಂದು ನಿಮಿಷದೊಳಗೆ ಸಾಯುತ್ತದೆ. ಭೇದಿ ಉಂಟುಮಾಡುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ದಿನಗಟ್ಟಲೆ ಬದುಕಬಲ್ಲದು. ಆದ್ದರಿಂದ ಭೇದಿ ಇರುವಾಗ ಮಗುವನ್ನು ಕೊಳಕ್ಕೆ ಕಳಿಸಬೇಡಿ. ಅಪಸ್ಮಾರ ಇರುವವರು, ಹೃದ್ರೋಗಿಗಳು, ಕಿವಿತಮಟೆ ತೂತಾಗಿರುವವರು ವೈದ್ಯರನ್ನು ಕೇಳಿಯೇ ನೀರಿಗಿಳಿಯಿರಿ. ಅಪಸ್ಮಾರ ಇರುವವರು ಎಂದೂ ಒಂಟಿಯಾಗಿ ಈಜಬಾರದು.

ಹಾಗಾದರೆ ಆ ಮೂರು ಜಾಗಗಳಲ್ಲಿ ಯಾವುದು?

ಬೈಪಾಸ್ ಪಕ್ಕದ ಐದು ಎಕರೆ ವಿಶಾಲ, ಪಾರ್ಕಿಂಗ್ ಸುಲಭ. ಆದರೆ ಕಾರಿಲ್ಲದವರಿಗೆ ದೂರ, ಒಳಚರಂಡಿ ಇಲ್ಲ, ರಸ್ತೆ ಅಪಾಯಕಾರಿ. ಮುಂದೆಂದಾದರೂ ಸ್ಪರ್ಧಾ ಕೊಳಕ್ಕೆ ಅದನ್ನು ಯೋಚಿಸಬಹುದು. ಉದ್ಯಾನದ ಮೂಲೆ ಎಲ್ಲರಿಗೂ ಹತ್ತಿರ. ಆದರೆ ಉಚಿತ ಬಯಲು ಹೋಗುತ್ತದೆ. ಈಗಾಗಲೇ ಕಾಂಕ್ರೀಟ್ ಹಾಕಿದ ಭಾಗದಲ್ಲಿ, ಮರ ಕಡಿಯದೆ ಆಗುವುದಾದರೆ ಒಪ್ಪಬಹುದು.

ಶಾಲೆಯ ಜಾಗ ಚಿಕ್ಕದು. ಅಲ್ಲಿ ಒಲಿಂಪಿಕ್ ಕೊಳ ಆಗದು, ಉದ್ಘಾಟನೆಯ ವೇದಿಕೆಗೂ ಇಕ್ಕಟ್ಟು. ಆದರೆ ಹಗಲು ಸುತ್ತಲಿನ ಶಾಲೆಗಳ ಮಕ್ಕಳು, ಬೆಳಿಗ್ಗೆ ಹಿರಿಯರು, ಸಂಜೆ ಮಹಿಳೆಯರು ಮತ್ತು ದುಡಿಯುವವರು ಅದನ್ನು ಬಳಸಬಹುದು. ಸಾರ್ವಜನಿಕರಿಗೆ ಪ್ರತ್ಯೇಕ ಬಾಗಿಲು, ಸುತ್ತ ಬೀಗವಿರುವ ಎತ್ತರದ ಬೇಲಿ, ತರಗತಿಗಳಿಂದ ದೂರದಲ್ಲಿ ರಾಸಾಯನಿಕ ಕೋಣೆ, ಶಾಲೆಯ ಮೈದಾನಕ್ಕೆ ಧಕ್ಕೆ ಇಲ್ಲ ಎಂಬ ಖಾತರಿ ಸಿಕ್ಕರೆ ಆರೋಗ್ಯದ ದೃಷ್ಟಿಯಿಂದ ಹೆಚ್ಚಿನ ಅಂಕ ಇದಕ್ಕೇ. ನಿಮ್ಮ ಊರಿನ ನಕ್ಷೆ ಬೇರೆ ಇರಬಹುದು, ಉತ್ತರವೂ ಬೇರೆ ಆಗಬಹುದು. ಐದು ಪ್ರಶ್ನೆಗಳು ಮಾತ್ರ ಅವೇ.

ನಿರ್ಣಯವಾಗಿ, ಟೆಂಡರ್ ಆಗಿ, ಕೊಳದಲ್ಲಿ ನೀರು ತುಂಬುವ ಹೊತ್ತಿಗೆ ಎರಡು ಮೂರು ಬೇಸಿಗೆ ಕಳೆದುಹೋಗಬಹುದು. ಅಷ್ಟರಲ್ಲಿ ಮಕ್ಕಳು ರಜೆಗೆ ಊರಿಗೆ ಹೋಗಿಯೇ ಹೋಗುತ್ತಾರೆ. ಹೊರಡುವ ಮೊದಲು ಊರಿನವರಿಗೆ ಫೋನ್ ಮಾಡಿ, ಬಾವಿಗೆ ಕಟ್ಟೆ ಇದೆಯೇ, ಕೃಷಿ ಹೊಂಡಕ್ಕೆ ಬೇಲಿ ಇದೆಯೇ, ಪಕ್ಕದಲ್ಲಿ ಹಗ್ಗ ಮತ್ತು ಗಾಳಿ ತುಂಬಿದ ಟ್ಯೂಬ್ ಇಟ್ಟಿದ್ದಾರೆಯೇ ಎಂದು ಕೇಳಿ. ನೀರಿನ ಹತ್ತಿರ ಮಕ್ಕಳಿರುವಾಗ ಯಾರು ನೋಡಿಕೊಳ್ಳುತ್ತಾರೆ ಎಂದು ಒಬ್ಬರ ಹೆಸರು ಹಿಡಿದು ನಿರ್ಧರಿಸಿ. 'ಎಲ್ಲರೂ ಇದ್ದಾರಲ್ಲ' ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ಯಾರಾದರೂ ಮುಳುಗುತ್ತಿದ್ದರೆ ತಾವೂ ಜಿಗಿಯದೆ, ಕೂಗಿ ಕರೆದು, ಹಗ್ಗವನ್ನೋ ಸೀರೆಯನ್ನೋ ಕೋಲನ್ನೋ ಚಾಚಬೇಕು ಎಂಬುದನ್ನು ಮಕ್ಕಳಿಗೆ ಈಗಲೇ ಹೇಳಿಕೊಡಿ.